ಕೊಯ್ದ ರಾಗಿಗೂ ಕಡಲ ಗಾಳಿಗೂ ನಂಟು

ನವೆಂಬರ್ ಬಂತೆಂದರೆ ನಮ್ಮ ತಿಪಟೂರು ಸೀಮೆಯಲ್ಲಿ ತೆಂಗಿಗಿಂತ ರಾಗಿಯದೇ ಚಿಂತೆ. ಕೊಯ್ದ ತೆನೆ ಹೊಲದಲ್ಲೇ ಒಣಗುತ್ತಿರುತ್ತದೆ. ಅಷ್ಟರಲ್ಲಿ ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತವಂತೆ ಎಂದು ಸುದ್ದಿ ಬಂದರೆ ಎದೆ ಧಸಕ್ಕೆನ್ನುತ್ತದೆ. ಮೂರು ದಿನ ಜಡಿ ಹಿಡಿದರೆ ತೆನೆಯಲ್ಲೇ ಮೊಳಕೆ. ಹುಲ್ಲು ಕಪ್ಪಾದರೆ ದನವೂ ಮೂಸುವುದಿಲ್ಲ. 2024ರ ನವೆಂಬರ್ 30ರಂದು ಫೆಂಗಲ್ ಚಂಡಮಾರುತ ಪುದುಚೇರಿ ಹತ್ತಿರ ದಡ ಮುಟ್ಟಿದಾಗ ದಕ್ಷಿಣ ಒಳನಾಡೂ ನೆನೆಯಿತು.

ಆ ಸುದ್ದಿಯ ಬೆನ್ನಿಗಿರುವುದು ಗಾಳಿಯ ಲೆಕ್ಕ. ಸುಳಿಗಾಳಿಯ ವೇಗ ಗಂಟೆಗೆ 31 ಕಿ.ಮೀ. ಮುಟ್ಟಿದರೆ ವಾಯುಭಾರ ಕುಸಿತ, 62 ಮುಟ್ಟಿದರೆ ಚಂಡಮಾರುತ. ನಡುಗಡಲಲ್ಲಿ ಅಳೆಯುವವರು ಯಾರು? ಹಡಗುಗಳು ಬಿರುಗಾಳಿ ಕಂಡರೆ ದೂರ ಸರಿಯುತ್ತವೆ. ಟಿವಿಯಲ್ಲಿ ಕಾಣುವ ಚಿತ್ರ ಮೋಡದ ನೆತ್ತಿಯದು, ನೀರಿನ ಮೇಲಿನ ಗಾಳಿಯದಲ್ಲ.

ಆ ಕೆಲಸಕ್ಕೆಂದೇ ಇರುವುದು ಸ್ಕ್ಯಾಟರೋಮೀಟರ್ ಎಂಬ ರೇಡಾರ್. ಇಸ್ರೋ ಇದನ್ನು 2009ರಲ್ಲಿ ಓಷನ್‌ಸ್ಯಾಟ್-2, 2016ರಲ್ಲಿ ಸ್ಕ್ಯಾಟ್‌ಸ್ಯಾಟ್-1, 2022ರಲ್ಲಿ ಓಷನ್‌ಸ್ಯಾಟ್-3 ಉಪಗ್ರಹಗಳಲ್ಲಿಟ್ಟು ಕಳಿಸಿತು. ಈಚನೂರು ಕೆರೆ ಏರಿಯ ಮೇಲೆ ನಿಂತು ನೋಡಿ: ಗಾಳಿ ಇಲ್ಲದಾಗ ನೀರು ಕನ್ನಡಿ, ತುಸು ಬೀಸಿದರೂ ಮೈತುಂಬ ಸುಕ್ಕು. ಕಡಲಲ್ಲೂ ದೊಡ್ಡ ಅಲೆಗಳ ಬೆನ್ನ ಮೇಲೆ ಬೆರಳಗಲದ ಕಿರುಅಲೆಗಳು ಏಳುತ್ತವೆ. ಸ್ಕ್ಯಾಟ್‌ಸ್ಯಾಟ್‌ನಲ್ಲಿ ಒಂದು ಮೀಟರ್ ಅಗಲದ ತಟ್ಟೆ ನಿಮಿಷಕ್ಕೆ ಸುಮಾರು 20 ಸುತ್ತು ತಿರುಗುತ್ತ, 700 ಕಿ.ಮೀ.ಗೂ ಮೇಲಿನಿಂದ ಎರಡು ಸೆಂಟಿಮೀಟರಿನಷ್ಟು ಉದ್ದದ ರೇಡಿಯೋ ತರಂಗ ಬಿಡುತ್ತಿತ್ತು. ನೀರು ನುಣ್ಣಗಿದ್ದರೆ ತರಂಗ ಆಚೆ ಚಿಮ್ಮಿ ಹೋಗುತ್ತದೆ. ಸುಕ್ಕು ಹೆಚ್ಚಿದಷ್ಟೂ ಮರಳಿ ಬರುವ ಸದ್ದು ಜೋರು. ವೇಗ ಸಿಕ್ಕುವುದು ಹೀಗೆ.

ದಿಕ್ಕು ಹಿಡಿಯುವ ಬಗೆ ನನಗೆ ಇನ್ನೂ ಮೆಚ್ಚು. ಗಾಳಿಯ ಜಾಡಿನಲ್ಲಿ ನೋಡಿದಾಗ ಮರಳುವ ಸದ್ದು ಹೆಚ್ಚು, ಅಡ್ಡ ನೋಡಿದಾಗ ಕಡಿಮೆ. ಅದಕ್ಕೇ ಎರಡು ಕಿರಣ. ಉಪಗ್ರಹ ಹತ್ತಿರವಾಗುವಾಗೊಮ್ಮೆ, ದಾಟಿದ ಮೇಲೊಮ್ಮೆ ಒಂದೇ ಜಾಗವನ್ನು ನಾಲ್ಕು ಸಲ ಬೇರೆ ಬೇರೆ ಕೋನದಿಂದ ನೋಡುತ್ತದೆ. ಆದರೂ ಗಾಳಿ ಬಂದದ್ದು ಪೂರ್ವದಿಂದಲೋ ಪಶ್ಚಿಮದಿಂದಲೋ ಎಂಬ ಗೊಂದಲ ಉಳಿಯುವುದುಂಟು. ಆಗ ಅಕ್ಕಪಕ್ಕದ ಗಾಳಿ, ಹವಾಮಾನದ ಗಣಿತ ಎರಡನ್ನೂ ತಾಳೆ ನೋಡುತ್ತಾರೆ. ಜೋರು ಮಳೆ ಇದಕ್ಕೆ ಶತ್ರು. ಹನಿಗಳೇ ಕಿರಣವನ್ನು ಕೆಡಿಸುವುದರಿಂದ, ಎಲ್ಲಕ್ಕಿಂತ ಅಗತ್ಯವಾದ ಚಂಡಮಾರುತದ ಒಡಲಲ್ಲೇ ಅಳತೆಯ ಭರವಸೆ ಕುಗ್ಗುತ್ತದೆ. ಸುಳಿಯ ನಡು ಎಲ್ಲಿದೆ, ಅದರ ಸುತ್ತಳತೆ ಎಷ್ಟು ಎಂಬುದು ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ. ಒಂದೇ ಉಪಗ್ರಹ ಎಲ್ಲ ಹೊತ್ತೂ ಒಂದೇ ಕಡಲ ಮೇಲಿರಲಾರದು. ಯುರೋಪಿನ ಮೆಟಾಪ್ ಉಪಗ್ರಹಗಳು ಕಳಿಸುವ ಅಳತೆಯೂ ಬೇಕು.

ಹಾಗಾಗಿ ಮುನ್ಸೂಚನೆ ಕೇಳುವಾಗ ಹೆಸರಿಗಷ್ಟೇ ಕಿವಿಗೊಟ್ಟರೆ ಸಾಲದು. ವೇಗ ಎಷ್ಟು, ಮುಖ ಯಾವ ಕಡೆ ಎಂದು ಕೇಳಿಸಿಕೊಳ್ಳಬೇಕು. ಒಡಿಶಾದತ್ತ ಹೊರಟಿದ್ದರೆ ನಾವು ಸಾಮಾನ್ಯವಾಗಿ ರಾಗಿಯನ್ನು ಇನ್ನೆರಡು ದಿನ ಬಿಸಿಲಿಗೆ ಬಿಡುತ್ತೇವೆ. ಚೆನ್ನೈ, ಪುದುಚೇರಿ ಕಡೆಗಾದರೆ ಅವತ್ತೇ ಆಳು ಕರೆದು ಮೆದೆ ಒಟ್ಟಿ, ಮೇಲೆ ಟಾರ್ಪಾಲು ಬಿಗಿಯುತ್ತೇವೆ.