ಪಥಸಂಚಲನದ ಡ್ರಮ್ಮಿನ ಮುಚ್ಚಿಗೆ

ಅಮೆರಿಕದ ಪಥಸಂಚಲನ ಮೇಳಗಳ ಸ್ನೇರ್ ಡ್ರಮ್ಮಿಗೆ ಬಹುಕಾಲ ಕರುವಿನ ತೊಗಲೇ ಮುಚ್ಚಿಗೆಯಾಗಿದ್ದಿತು. ಮಳೆ ಹನಿದರೆ ಅದು ಸಡಿಲಿ ನಾದ ಕುಗ್ಗುತ್ತಿದ್ದಿತು. 1950ರ ದಶಕದ ಉತ್ತರಾರ್ಧದಲ್ಲಿ ಬಂದ ಪಾಲಿಯೆಸ್ಟರ್ ಹಾಳೆ ಈ ತೊಡಕನ್ನು ನೀಗಿತು. ಆದರೆ ಮೈದಾನದ ಆಚೆಗೂ ಪ್ರತಿಯೊಂದು ಪೆಟ್ಟು ಬಿಡಿಯಾಗಿ ಕೇಳಬೇಕೆಂಬ ಆಸೆಯಿಂದ ಬಿಗಿತ ಏರುತ್ತ ಹೋಗಿ, ಆ ಹಾಳೆಯೂ ತಾಳದಾಯಿತು. 1980ರ ದಶಕದಲ್ಲಿ ಕೆವ್ಲಾರ್ ನೂಲಿನ ನೇಯ್ಗೆಯ ಮುಚ್ಚಿಗೆ ಬಳಕೆಗೆ ಬಂದಿತು.

ಕೆವ್ಲಾರ್ ಹಿಗ್ಗುವುದು ಅತ್ಯಲ್ಪ. ಆದುದರಿಂದ ಬಿಗಿತದ ಭಾರವನ್ನು ಡ್ರಮ್ಮಿನ ಒಡಲೂ, ಪೆಟ್ಟಿನ ಅದಿರನ್ನು ವಾದಕನ ಮಣಿಕಟ್ಟೂ ತಾಳಬೇಕು. ಹಗುರ ಒಡಲಿನ ಹಳೆಯ ಡ್ರಮ್ಮಿಗೆ ಇದನ್ನು ತೊಡಿಸಿ ಬಿಗಿದರೆ ಒಡಲೇ ಸೊಟ್ಟಾಗಬಹುದು. ಗಡಸು ನಾದದ ಮೋಹ ಸಹಜವೇ. ಆದರೂ ಎಳೆಯ ಕೈಗಳಿಗೆ ಪಾಲಿಯೆಸ್ಟರೇ ಲೇಸೆಂದು ನಾವು ಭಾವಿಸುತ್ತೇವೆ. ತಂತಿಗಳು ತಾಗುವ ಕೆಳಮುಚ್ಚಿಗೆಯಾದರೋ ಮೇಲಿನದಕ್ಕಿಂತ ತೆಳುವಾಗಿರತಕ್ಕದ್ದು. ಇಲ್ಲವಾದರೆ ಮೆಲುಪೆಟ್ಟಿಗೆ ತಂತಿಗಳು ಮಿಡಿಯವು.