ಇಂಗ್ಲಿಷಿನಲ್ಲಿ ಭೂತಾನುಮಾನದ ಕ್ರಿಯಾರೂಪಗಳು

ಇಂಗ್ಲಿಷಿನ ಸಂಶೋಧನ ಗ್ರಂಥಗಳನ್ನು ಆಧರಿಸಿ ಕನ್ನಡದಲ್ಲಿ ಬರೆಯುವವರು ನಮ್ಮಲ್ಲಿ ಅನೇಕರಿದ್ದಾರೆ. ಕಳೆದುಹೋದ ಸಂಗತಿಯನ್ನು ಊಹಿಸಿ ಹೇಳುವ ಕೆಲವು ಕ್ರಿಯಾರೂಪಗಳು ಆ ಗ್ರಂಥಗಳಲ್ಲಿ ಪದೇ ಪದೇ ಬರುತ್ತವೆ. ಇವುಗಳ ತಾರತಮ್ಯವನ್ನರಿಯದಿದ್ದರೆ ಒಬ್ಬರ ಸಂದೇಹವು ಇನ್ನೊಬ್ಬರ ಸಿದ್ಧಾಂತವಾಗಿ ಪರಿಣಮಿಸುವುದು. ಆದುದರಿಂದ ಅವುಗಳ ಸ್ವರೂಪವನ್ನು ಇಲ್ಲಿ ಸಂಕ್ಷೇಪವಾಗಿ ವಿವೇಚಿಸುತ್ತೇನೆ.

‘ಮಸ್ಟ್’, ‘ಮೇ’, ‘ಮೈಟ್’, ‘ಕ್ಯಾನಾಟ್’ ಮೊದಲಾದ ಸಹಾಯಕ ಕ್ರಿಯಾಪದಗಳ ಮುಂದೆ ‘ಹ್ಯಾವ್’ ಎಂಬುದನ್ನೂ ಅದರ ಮುಂದೆ ಭೂತಕೃದಂತವನ್ನೂ ಇಟ್ಟರೆ ಈ ರೂಪಗಳು ಸಿದ್ಧಿಸುತ್ತವೆ. ಕರ್ತೃಪದವು ಯಾವ ಪುರುಷ ವಚನಗಳಲ್ಲಿದ್ದರೂ ‘ಹ್ಯಾವ್’ ಮಾರ್ಪಡುವುದಿಲ್ಲ. ಇಲ್ಲಿ ಊಹೆಯು ವರ್ತಮಾನದ್ದು; ಊಹಿತವಾದ ಕಾರ್ಯವು ಭೂತಕಾಲದ್ದು.

ನ್ಯಾಯಶಾಸ್ತ್ರದ ಪ್ರಸಿದ್ಧ ದೃಷ್ಟಾಂತವೊಂದರಿಂದ ಇದು ವಿಶದವಾಗುವುದು. ತುಂಬಿದ ನದಿಯನ್ನು ಕಂಡು ಮೇಲುಗಡೆ ಮಳೆಯಾಯಿತೆಂದು ತಿಳಿಯುವುದು ‘ಶೇಷವತ್’ ಎಂಬ ಅನುಮಾನಕ್ಕೆ ವಾತ್ಸ್ಯಾಯನನು ಕೊಟ್ಟ ಉದಾಹರಣೆ. ಕಟ್ಟೆಯ ತಡೆಯಿಂದಲೂ ನದಿ ತುಂಬಬಹುದಲ್ಲವೆ ಎಂಬ ಆಕ್ಷೇಪವು ನ್ಯಾಯಸೂತ್ರದ 2ನೆಯ ಅಧ್ಯಾಯದಲ್ಲಿ ಬರುತ್ತದೆ. ಬರಿಯ ತುಂಬುವಿಕೆಯಲ್ಲ, ಪ್ರವಾಹದ ವೇಗ, ನೊರೆ, ತೇಲಿಬರುವ ಎಲೆ ಕಟ್ಟಿಗೆಗಳು ಇವೆಲ್ಲ ಕೂಡಿದರೆ ಮಾತ್ರ ಹೇತುವೆಂಬುದು ಭಾಷ್ಯದ ಸಮಾಧಾನ. ಇಂಥ ಪುಷ್ಟವಾದ ಹೇತುವಿದ್ದಲ್ಲಿ ಇಂಗ್ಲಿಷರು ‘ಮಸ್ಟ್ ಹ್ಯಾವ್’ ಎನ್ನುತ್ತಾರೆ: ಮಳೆ ಬಂದಿರಬೇಕು. ನೀರು ಏರಿದುದಷ್ಟೇ ಕಂಡರೆ ‘ಮೇ ಹ್ಯಾವ್’ ಅಥವಾ ‘ಮೈಟ್ ಹ್ಯಾವ್’: ಬಂದಿರಬಹುದು. ಹೊಳೆಯ ಮರಳು ಒಣಗಿಯೇ ಇದ್ದರೆ ‘ಕ್ಯಾನಾಟ್ ಹ್ಯಾವ್’: ಬಂದಿರಲಾರದು.

ಮೋಸಹೋಗುವ ಸ್ಥಳವು ‘ಮೇ ನಾಟ್ ಹ್ಯಾವ್’ ಎಂಬುದು. ‘ಕ್ಯಾನಾಟ್ ಹ್ಯಾವ್’ ಎಂಬಲ್ಲಿ ನಿಷೇಧವು ಸಂಭವವನ್ನೇ ತಳ್ಳಿಹಾಕುತ್ತದೆ. ‘ಮೇ ನಾಟ್ ಹ್ಯಾವ್’ ಎಂಬಲ್ಲಾದರೋ ನಿಷೇಧವು ಕ್ರಿಯೆಯನ್ನು ಮಾತ್ರ ಸೇರುತ್ತದೆ; ಸಂಭವವು ಹಾಗೆಯೇ ಉಳಿಯುತ್ತದೆ. ಮಳೆ ಬಾರದೆಯೂ ಇದ್ದಿರಬಹುದು ಎಂದೇ ಅದರ ಅರ್ಥ. ಬಂದಿರಲೂಬಹುದೆಂಬುದು ಅದರಲ್ಲಿಯೇ ಅಡಗಿದೆ. ಇಂಗ್ಲಿಷನ್ನು ತಡವಾಗಿ ಕಲಿತ ನಾನು ಹಿಂದೊಮ್ಮೆ ಲೇಖನವೊಂದನ್ನು ಕನ್ನಡಿಸುವಾಗ ಈ ಭೇದವನ್ನು ಗಮನಿಸದೆ, ಕವಿಯು ಪೂರ್ವಗ್ರಂಥವೊಂದನ್ನು ‘ನೋಡಿರಲಾರನು’ ಎಂದು ಬರೆದೆನು. ಮೂಲದಲ್ಲಿದ್ದುದು ‘ನೋಡದೆಯೂ ಇದ್ದಿರಬಹುದು’ ಎಂಬುದಷ್ಟೆ. ಆ ಒಂದು ಪದದ ಮೇಲೆ ಕವಿಯ ಕಾಲವನ್ನೇ ಹಿಂದಕ್ಕೊಯ್ದು, ಬಹುದಿನಗಳಮೇಲೆ ಮೂಲವನ್ನು ಮತ್ತೆ ನೋಡಿದಾಗ ನಾಚಿದೆನು.

‘ಷುಡ್ ಹ್ಯಾವ್’ ಎಂಬುದನ್ನೂ ‘ಮಸ್ಟ್ ಹ್ಯಾವ್’ ಎಂಬುದರೊಡನೆ ಬೆರೆಸಬಾರದು. ಅದು ಸಾಮಾನ್ಯವಾಗಿ ನೆರವೇರದ ಕರ್ತವ್ಯವನ್ನು ಹೇಳುತ್ತದೆ. ‘ಬಂದಿರಬೇಕು’ ಎಂಬುದು ಊಹೆ. ‘ಬರಬೇಕಾಗಿತ್ತು’ ಎಂಬುದು ಆಕ್ಷೇಪ.

ಈ ಭೇದಗಳಿಗೆಲ್ಲ ಕನ್ನಡದಲ್ಲಿ ತಕ್ಕ ರೂಪಗಳಿವೆ; ಕೊರತೆ ಭಾಷೆಯದಲ್ಲ, ನಮ್ಮ ಎಚ್ಚರದ್ದು. ಮೂಲಕಾರನು ಎಷ್ಟು ನಿಶ್ಚಯದಿಂದ ಹೇಳಿದನೋ ಅಷ್ಟನ್ನೇ ನಾವು ಹೇಳುವುದು ಅನುವಾದಧರ್ಮ. ಉಪಾಧ್ಯಾಯರು ತರಗತಿಯಲ್ಲಿ ಈ ರೂಪಗಳನ್ನು ಬೋಧಿಸುವಾಗ, ಹೇತುವೆಷ್ಟು ಬಲವಾದುದೆಂದು ಮೊದಲು ಕೇಳಿ ಆಮೇಲೆ ಕ್ರಿಯಾಪದವನ್ನು ಆರಿಸುವಂತೆ ಅಭ್ಯಾಸಮಾಡಿಸಿದರೆ ಮುಂದಿನ ಸಂಶೋಧಕರಿಗೆ ಉಪಕಾರವಾಗುವುದು.