ಲೆಕ್ಕಕ್ಕೆ ಸಿಗದವರ ಪಾಲಿನ ಅಕ್ಕಿ

2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಗ್ರಾಮೀಣ ಜನರಲ್ಲಿ ಶೇ 75ರಷ್ಟು, ನಗರವಾಸಿಗಳಲ್ಲಿ ಶೇ 50ರಷ್ಟು ಮಂದಿಗೆ ಪಡಿತರದ ಹಕ್ಕು ಕೊಟ್ಟಿತು. ಈ ಶೇಕಡಾವಾರು ಎಷ್ಟು ತಲೆಗಳಾಗುತ್ತವೆ ಎಂದು ಲೆಕ್ಕ ಹಾಕಿದ್ದು 2011ರ ಜನಗಣತಿಯಿಂದ. ಫಲಾನುಭವಿಗಳ ಮಿತಿ ಸುಮಾರು 81 ಕೋಟಿಗೆ ನಿಂತುಬಿಟ್ಟಿತು. ಜನ ಹೆಚ್ಚಿದರು, ಮಿತಿ ಹೆಚ್ಚಲಿಲ್ಲ. ಹೀಗೆ ಪಡಿತರದಿಂದ ಹೊರಗುಳಿದವರು 10 ಕೋಟಿಗೂ ಹೆಚ್ಚು ಎಂದು 2020ರಲ್ಲಿ ಅರ್ಥಶಾಸ್ತ್ರಜ್ಞರಾದ ಜೀನ್ ಡ್ರೇಜ್ ಮತ್ತು ರೀತಿಕಾ ಖೇರಾ ಅಂದಾಜು ಮಾಡಿದರು.

1881ರಿಂದ ಹತ್ತು ವರ್ಷಕ್ಕೊಮ್ಮೆ ತಪ್ಪದೆ ನಡೆದು ಬಂದಿದ್ದ ಜನಗಣತಿ 2021ರಲ್ಲಿ ಕೋವಿಡ್ ಕಾರಣಕ್ಕೆ ಮುಂದಕ್ಕೆ ಹೋಯಿತು. 2027ರ ಮಾರ್ಚ್ 1ನ್ನು ಹೊಸ ಗಣತಿಯ ಆಧಾರ ದಿನವೆಂದು ಅಧಿಸೂಚನೆ ಬಂದದ್ದು 2025ರ ಜೂನ್‌ನಲ್ಲಿ. ಹಳೆಯ ಅಂಕಿಯ ಬೆಲೆಯನ್ನು ಅಷ್ಟೂ ಕಾಲ ತೆತ್ತವರು ಬಡವರು.

ಸರಾಸರಿಯ ಮರೆಯಲ್ಲಿ

ಅಂಕಿ ಹಳೆಯದಾದರಷ್ಟೇ ಅಲ್ಲ, ಬರೀ ಸರಾಸರಿಯಾದರೂ ಜನ ಮರೆಯಾಗುತ್ತಾರೆ. ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ಸುಸ್ಥಿರ ಅಭಿವೃದ್ಧಿ ಗುರಿಗಳು 17, ಅವುಗಳಡಿಯ ಉದ್ದೇಶಗಳು 169. ಯಾರೂ ಹಿಂದುಳಿಯಬಾರದು ಎಂಬುದು ಅವುಗಳ ಮೂಲ ಆಶಯ. ಹಿಂದುಳಿದವರು ಯಾರೆಂದು ತಿಳಿಯುವುದು ಹೇಗೆ? ಅದಕ್ಕೇ 17.18ನೇ ಉದ್ದೇಶವು ಆದಾಯ, ಲಿಂಗ, ವಯಸ್ಸು, ವಲಸೆ, ಅಂಗವೈಕಲ್ಯ, ಪ್ರದೇಶವಾರು ವಿಂಗಡಿಸಿದ ದತ್ತಾಂಶ ಬೇಕೆನ್ನುತ್ತದೆ.

ಇಂಥ ವಿಂಗಡಣೆ ಏನು ಮಾಡಬಲ್ಲದೆಂದು ಕರ್ನಾಟಕ ಅದಕ್ಕೂ ಮೊದಲೇ ಕಂಡಿತ್ತು. ಡಿ.ಎಂ. ನಂಜುಂಡಪ್ಪ ಸಮಿತಿಯು ಆಗ ಇದ್ದ 175 ತಾಲ್ಲೂಕುಗಳನ್ನು 35 ಸೂಚಕಗಳಿಂದ ಅಳೆದು 2002ರಲ್ಲಿ ವರದಿ ಕೊಟ್ಟಿತು. 114 ತಾಲ್ಲೂಕುಗಳು ಹಿಂದುಳಿದಿದ್ದವು; ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ 21 ಗುಲ್ಬರ್ಗ ವಿಭಾಗದವು. ರಾಜ್ಯದ ಸರಾಸರಿಯನ್ನಷ್ಟೇ ನೋಡಿದ್ದರೆ ಇದು ಕಾಣುತ್ತಿರಲಿಲ್ಲ. ಪ್ರಾದೇಶಿಕ ಅಸಮತೋಲನದ ಕೂಗಿಗೆ ತಾಲ್ಲೂಕುವಾರು ಪುರಾವೆ ಸಿಕ್ಕಿತು, ವಿಶೇಷ ಅಭಿವೃದ್ಧಿ ಯೋಜನೆಗೆ ಅದೇ ಬುನಾದಿಯಾಯಿತು.

ಬಚ್ಚಿಟ್ಟ ಅಂಕಿ

ಸಂಗ್ರಹಿಸಿದ ಮಾತ್ರಕ್ಕೆ ಅಂಕಿ ಜನರ ಕೈ ಸೇರುತ್ತದೆ ಎನ್ನುವಂತಿಲ್ಲ. ಮನೆಗಳ ಖರ್ಚುವೆಚ್ಚ ಅಳೆಯುವ 2017–18ರ ಸಮೀಕ್ಷೆಯ ಫಲಿತಾಂಶವನ್ನು ಗುಣಮಟ್ಟದ ಕಾರಣ ಹೇಳಿ ಕೇಂದ್ರ ಸರ್ಕಾರ ತಡೆಹಿಡಿಯಿತು. 2011–12ರ ಸಮೀಕ್ಷೆಯ ನಂತರ ಇಂಥ ಅಂಕಿ ಮತ್ತೆ ಹೊರಬಂದದ್ದು 2024ರ ಫೆಬ್ರುವರಿಯಲ್ಲಿ. ನಿರುದ್ಯೋಗ ಶೇ 6.1 ಎಂದ ಸಮೀಕ್ಷೆ 2019ರ ಲೋಕಸಭಾ ಚುನಾವಣೆ ಮುಗಿದ ಮೇಲಷ್ಟೇ ಅಧಿಕೃತವಾಗಿ ಪ್ರಕಟವಾಯಿತು. ಅದಕ್ಕೂ ಮೊದಲು, ವರದಿಯನ್ನು ತಡೆಹಿಡಿದದ್ದೂ ಒಂದು ಕಾರಣವಾಗಿ, ರಾಷ್ಟ್ರೀಯ ಸಾಂಖ್ಯಿಕ ಆಯೋಗದ ಇಬ್ಬರು ಸದಸ್ಯರು ರಾಜೀನಾಮೆ ಕೊಟ್ಟಿದ್ದರು. ಅಧಿಕೃತ ಅಂಕಿಅಂಶಗಳು ನಿಷ್ಪಕ್ಷಪಾತವಾಗಿ ಎಲ್ಲರಿಗೂ ದೊರೆಯಬೇಕು ಎಂಬ ವಿಶ್ವಸಂಸ್ಥೆಯ ಮೂಲತತ್ವಗಳನ್ನು ಕೇಂದ್ರ ಸಂಪುಟ 2016ರಲ್ಲೇ ಅಂಗೀಕರಿಸಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು.

ತೆರೆದ ಬಾಗಿಲು

ಹಾಗೆಂದು ಎಲ್ಲ ಬಾಗಿಲೂ ಮುಚ್ಚಿಲ್ಲ. 2012ರ ದತ್ತಾಂಶ ಹಂಚಿಕೆ ನೀತಿಯ ಫಲವಾಗಿ ಕೇಂದ್ರದ ಓಪನ್ ಡೇಟಾ ಪೋರ್ಟಲ್ ಬಂತು. ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ, ಯಾರೂ ಅರ್ಜಿ ಹಾಕದಿದ್ದರೂ ಇಲಾಖೆಗಳು ತಾವಾಗಿಯೇ ಮಾಹಿತಿ ಪ್ರಕಟಿಸಬೇಕು. ಕರ್ನಾಟಕದ ‘ಮಾಹಿತಿ ಕಣಜ’ ಜಾಲತಾಣ ಆ ದಾರಿಯ ಹೆಜ್ಜೆ. ಆದರೆ ಸ್ಕ್ಯಾನ್ ಮಾಡಿದ ಪಿಡಿಎಫ್ ಏರಿಸಿದರೆ ದತ್ತಾಂಶ ತೆರೆದಂತಾಗದು. ಕಂಪ್ಯೂಟರ್ ಓದಿ ಕೂಡಿ ಕಳೆಯಬಲ್ಲ ರೂಪದಲ್ಲಿ, ಹೊತ್ತಿಗೆ ಸರಿಯಾಗಿ, ಲೆಕ್ಕ ಹಾಕಿದ ವಿಧಾನದ ವಿವರಣೆಯೊಂದಿಗೆ ಅದು ಸಿಗಬೇಕು.

ಮುಕ್ತ ದತ್ತಾಂಶವೆಂದರೆ ನಮ್ಮ ಮನೆಯ ಗುಟ್ಟು ಬಯಲಾಗುವುದೆಂಬ ಅಂಜಿಕೆ ಬೇಡ. 1948ರ ಜನಗಣತಿ ಕಾಯ್ದೆ ವ್ಯಕ್ತಿಯ ವಿವರವನ್ನು ಗೋಪ್ಯವಾಗಿಡುತ್ತದೆ. ಹೊರಬರಬೇಕಾದ್ದು ಊರಿನ ಮೊತ್ತ, ಒಬ್ಬರ ಹೆಸರಲ್ಲ.

ಗಣತಿದಾರರು ಮನೆ ಬಾಗಿಲಿಗೆ ಬಂದಾಗ ಸರಿಯಾದ ಉತ್ತರ ಕೊಡೋಣ. ಬಳಿಕ ನಮ್ಮ ಪಂಚಾಯಿತಿಯ, ನಮ್ಮ ವಾರ್ಡಿನ ಅಂಕಿಅಂಶ ಎಲ್ಲಿ ಎಂದು ಕೇಳೋಣ. ಕೊಟ್ಟ ಉತ್ತರಕ್ಕೆ ಲೆಕ್ಕ ಕೇಳುವುದು ನಮ್ಮ ಹಕ್ಕು.